ಸವಕಳಿಯ ಲೆಕ್ಕ: ಗಡಿನಾಡಿನ ಸ್ವಂತ ಉದ್ಯೋಗಿ ಮತ್ತು ಅವನ ಕಂಪ್ಯೂಟರು



ಕೈಗೆ ಬಂದ ಹಣ ಬೇರೆ, ಆದಾಯ ಬೇರೆ. ಬಂದ ಹಣದಲ್ಲಿ ಯಾವುದನ್ನು ಕಳೆದು ಉಳಿದದ್ದನ್ನು ಆದಾಯ ಎನ್ನಬೇಕು ಎಂಬ ಪ್ರಶ್ನೆ ತೆರಿಗೆ ಕಾನೂನಿನಷ್ಟೇ ಹಳೆಯದು. ಬಾಡಿಗೆ, ಸಂಬಳ, ಕರೆಂಟ್ ಬಿಲ್ಲು ಕಳೆಯುವುದರಲ್ಲಿ ಯಾರಿಗೂ ತಕರಾರಿಲ್ಲ. ಒಮ್ಮೆ ಕೊಂಡು ಹಲವು ವರ್ಷ ದುಡಿಸಿಕೊಳ್ಳುವ ಸಾಮಾನಿನ ಮಾತು ಬಂದಾಗ ತಕರಾರು ಶುರುವಾಗುತ್ತದೆ. ಅರವತ್ತು ಸಾವಿರ ಕೊಟ್ಟು ತಂದ ಕಂಪ್ಯೂಟರು ಈ ವರ್ಷದ ಖರ್ಚೋ, ಮುಂದಿನ ನಾಲ್ಕು ವರ್ಷದ ಖರ್ಚೋ? ಅದನ್ನು ಕಳೆಯಲು ಬಿಡುವುದು ಸರ್ಕಾರದ ಔದಾರ್ಯವೋ, ದುಡಿಯುವವನ ಹಕ್ಕೋ? ಹಕ್ಕು ಎಂಬುದು ನನ್ನ ವಾದ. ಆದರೆ ನಮ್ಮ ಹೊಸೂರು ಭಾಗದಲ್ಲಿ ಈ ಹಕ್ಕನ್ನು ಬಳಸಿದವರಿಗಿಂತ ತಿಳಿಯದೆಯೇ ಕೈಬಿಟ್ಟವರು ಹೆಚ್ಚು. ಅದು ಹೇಗಾಗುತ್ತದೆ ಎಂಬುದನ್ನು ಸಾವಧಾನವಾಗಿ ನೋಡೋಣ.

ಹೊಸೂರಿನ ಕಥೆಯನ್ನು ಹೇಳುವಾಗ ಸಿಪ್ಕಾಟ್ ಕೈಗಾರಿಕಾ ವಸಾಹತು, ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಎಂದು ದೊಡ್ಡ ಹೆಸರುಗಳಿಂದ ಶುರುಮಾಡುವುದು ರೂಢಿ. ಆ ದೊಡ್ಡ ಗೇಟುಗಳ ಸುತ್ತ ಇನ್ನೊಂದು ದುಡಿಮೆಯ ಲೋಕ ಬೆಳೆದಿದೆ. ಟೂಲ್‌ರೂಮುಗಳಿಗೆ ಮನೆಯಲ್ಲೇ ಕುಳಿತು ಕ್ಯಾಡ್ ಡ್ರಾಯಿಂಗ್ ಮಾಡಿಕೊಡುವವರು, ಸಣ್ಣ ಕಾರ್ಖಾನೆಗಳ ಟ್ಯಾಲಿ ಲೆಕ್ಕ ಬರೆಯುವವರು, ಮದುವೆಯ ವಿಡಿಯೊ ಎಡಿಟ್ ಮಾಡುವವರು, ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿಯವರು, ವಿಮಾ ಏಜೆಂಟರು. ತಳಿ, ಡೆಂಕಣಿಕೋಟೆ, ಬಾಗಲೂರು, ಬೇರಿಕೆ ಕಡೆಯ ಕನ್ನಡದ ಮನೆಗಳಿಂದ ಬಂದ ಎಷ್ಟೋ ಹುಡುಗರು, ಹೆಣ್ಣುಮಕ್ಕಳು ಇವರಲ್ಲಿದ್ದಾರೆ. ಗಿರಾಕಿ ಬೊಮ್ಮಸಂದ್ರದಲ್ಲಿ, ಜಿಗಣಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಯಂತ್ರ ಕೊಳ್ಳುವುದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ. ಜಿಎಸ್‌ಟಿ ನೋಂದಣಿ ಮಾತ್ರ ತಮಿಳುನಾಡಿನದು. ಅತ್ತಿಬೆಲೆ ದಾಟಿ ಆಚೀಚೆ ನಡೆಯುವ ಈ ಬದುಕಿಗೆ ತೆರಿಗೆಯ ಲೆಕ್ಕದಲ್ಲಿ ತನ್ನದೇ ತೊಡಕುಗಳಿವೆ. ಅವುಗಳ ಮಾತು ಮುಂದೆ ಬರುತ್ತದೆ.

ತೆರಿಗೆಯ ಇತಿಹಾಸದಲ್ಲಿ ಈ ನೆಲಕ್ಕೆ ಒಂದು ವಿಶೇಷ ಸ್ಥಾನವೂ ಇದೆ. ಕೃಷ್ಣಗಿರಿ ಸೇರಿದ್ದ ಬಾರಾಮಹಲ್ ಸೀಮೆ 1792ರಲ್ಲಿ ಟಿಪ್ಪು ಸುಲ್ತಾನನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋದಾಗ, ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕನಾಗಿದ್ದ ಥಾಮಸ್ ಮನ್ರೋ ನೇರ ರೈತನ ಜೊತೆಗೇ ಕಂದಾಯ ನಿಗದಿ ಮಾಡುವ ರೈತವಾರಿ ಪದ್ಧತಿಯನ್ನು ರೂಪಿಸಿದ್ದು ಇಲ್ಲಿಯೇ. ಮಧ್ಯದ ಜಮೀನ್ದಾರನಿಲ್ಲ, ಒಬ್ಬೊಬ್ಬನಿಗೂ ಒಂದೊಂದು ಲೆಕ್ಕ. ಆಗ ಎದ್ದ ಪ್ರಶ್ನೆಯೇ ಇಂದಿನದೂ ಹೌದು: ಬೆಳೆದದ್ದರಲ್ಲಿ ಸಾಗುವಳಿಗೆ ಎಷ್ಟು ಬಿಡಬೇಕು? ಮುಂದೆ ಹತ್ತೊಂಬತ್ತನೆಯ ಶತಮಾನದ ಮದರಾಸು ಸೆಟ್ಲ್‌ಮೆಂಟಿನಲ್ಲಿ ಸಾಗುವಳಿಯ ಖರ್ಚನ್ನು ಕಳೆದು, ಉಳಿದ ನಿವ್ವಳ ಉತ್ಪನ್ನದ ಅರ್ಧ ಸರ್ಕಾರಕ್ಕೆ ಎಂಬ ಸೂತ್ರ ಬಂತು. ಅರ್ಧ ಎಂಬುದು ಹೆಚ್ಚಾಯಿತು ಎಂದು ಜಗಳವಾಡಬಹುದು, ರೈತರು ಆಡಿದರು ಕೂಡ. ಖರ್ಚನ್ನು ಕಳೆಯದೆ ಆದಾಯವೆಂಬುದೇ ಇಲ್ಲ ಎಂಬುದನ್ನು ಮಾತ್ರ ಆ ಸೂತ್ರವೂ ಒಪ್ಪಿತ್ತು.

ಇನ್ನೊಂದು ನೆನಪು. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು ಮದರಾಸು ಪ್ರಾಂತ್ಯದ ಪ್ರಧಾನಿಯಾಗಿದ್ದಾಗ, 1937ರಲ್ಲಿ ಪಾನನಿರೋಧವನ್ನು ಮೊದಲು ತಂದದ್ದು ಸೇಲಂ ಜಿಲ್ಲೆಗೆ. ಆಗ ಹೊಸೂರು ಸೇಲಂ ಜಿಲ್ಲೆಯಲ್ಲೇ ಇತ್ತು. ಹೆಂಡದ ವರಮಾನ ಖೋತಾ ಆದದ್ದನ್ನು ತುಂಬಿಕೊಳ್ಳಲು 1939ರಲ್ಲಿ ಅವರು ತಂದ ಸಾಮಾನ್ಯ ಮಾರಾಟ ತೆರಿಗೆ ದೇಶದಲ್ಲೇ ಆ ಬಗೆಯ ಮೊದಲನೆಯದು. ಇವತ್ತು ಕಂಪ್ಯೂಟರಿನ ಬಿಲ್ಲಿನ ಕೆಳಗೆ ಕಾಣುವ ಶೇ. 18ರ ಜಿಎಸ್‌ಟಿಯ ವಂಶವೃಕ್ಷವನ್ನು ಹುಡುಕಿದರೆ ಅದರ ಒಂದು ಬೇರು ಇಲ್ಲಿಗೇ ಬರುತ್ತದೆ.

ಈಗ ತತ್ತ್ವಕ್ಕೆ ಬರೋಣ. ಬಂಡವಾಳ ವೆಚ್ಚವನ್ನು ಒಂದೇ ಸಲ ಕಳೆಯಲು ಆದಾಯ ತೆರಿಗೆ ಬಿಡುವುದಿಲ್ಲ; ಯಂತ್ರ ಸವೆದಂತೆ ವರ್ಷ ವರ್ಷ ಒಂದು ಪಾಲನ್ನು ಕಳೆಯಲು ಬಿಡುತ್ತದೆ, ಅದೇ ಸವಕಳಿ. ಇಂಗ್ಲೆಂಡಿನಲ್ಲಿ ತುಂಬ ಕಾಲ ಯಂತ್ರದ ಸವೆತವನ್ನೂ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. 1878ರ ಕಾನೂನು ಯಂತ್ರದ ಸವೆತವನ್ನು ಕಳೆಯಲು ಸ್ಪಷ್ಟ ಅವಕಾಶ ಕೊಟ್ಟಿತು. ನಮ್ಮ 1922ರ ಕಾಯ್ದೆ ಅದನ್ನು ಮುಂದುವರಿಸಿತು, 1961ರ ಕಾಯ್ದೆಯ 32ನೇ ಕಲಮು ಅದಕ್ಕೆ ಇಂದಿನ ಆಕಾರ ಕೊಟ್ಟಿತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಾಗಿದೆ. ಕಲಮುಗಳ ಸಂಖ್ಯೆ ಬದಲಾಗಿದೆ, ಸವಕಳಿಯ ತತ್ತ್ವ ಬದಲಾಗಿಲ್ಲ. ಆಡಿಟರುಗಳ ಬಾಯಲ್ಲಿ ಇನ್ನೂ ಕೆಲವು ವರ್ಷ ಹಳೆಯ ಸಂಖ್ಯೆಗಳೇ ಇರುತ್ತವಾದ್ದರಿಂದ ನಾನೂ ಅವನ್ನೇ ಬಳಸುತ್ತೇನೆ.

ಕಂಪ್ಯೂಟರು ಮತ್ತು ಸಾಫ್ಟ್‌ವೇರಿಗೆ ಸವಕಳಿಯ ದರ ಈಗ ಶೇ. 40. ಹಿಂದೆ ಶೇ. 60 ಇತ್ತು, 2017ರ ಏಪ್ರಿಲ್‌ನಿಂದ ಇಳಿಯಿತು. ಸಾಮಾನ್ಯ ಯಂತ್ರಕ್ಕೆ ಶೇ. 15, ಮೇಜು ಕುರ್ಚಿಗೆ ಶೇ. 10. ಕಂಪ್ಯೂಟರು ಬೇಗ ಹಳತಾಗುತ್ತದೆ ಎಂಬುದನ್ನು ಕಾನೂನು ಒಪ್ಪಿಕೊಂಡಿದೆ ಎಂದರ್ಥ. ಲೆಕ್ಕ ಪ್ರತಿವರ್ಷ ಉಳಿದ ಬೆಲೆಯ ಮೇಲೆ ನಡೆಯುತ್ತದೆ. 60,000 ರೂಪಾಯಿಯ ಯಂತ್ರಕ್ಕೆ ಮೊದಲ ವರ್ಷ 24,000 ಕಳೆಯಬಹುದು, ಪುಸ್ತಕದಲ್ಲಿ 36,000 ಉಳಿಯುತ್ತದೆ. ಎರಡನೆಯ ವರ್ಷ 14,400, ಮೂರನೆಯ ವರ್ಷ 8,640. ನಾಲ್ಕನೆಯ ವರ್ಷದ ಸವಕಳಿಯೂ ಹೋದ ಮೇಲೆ ಪುಸ್ತಕದಲ್ಲಿ ಉಳಿಯುವುದು 7,776. ಎಸ್.ಪಿ. ರೋಡಿನಲ್ಲಿ ನಾಲ್ಕು ವರ್ಷದ ಲ್ಯಾಪ್‌ಟಾಪಿಗೆ ಸಿಗುವ ಬೆಲೆಯನ್ನು ಬಲ್ಲವರಿಗೆ ಈ ಅಂಕಿ ಅನ್ಯಾಯವೆನಿಸಲಾರದು.

ಇಲ್ಲೊಂದು ದಿನಾಂಕದ ಸೂಕ್ಷ್ಮವಿದೆ. ಕೊಂಡ ವರ್ಷದಲ್ಲಿ ಯಂತ್ರ 180 ದಿನಕ್ಕಿಂತ ಕಡಿಮೆ ಬಳಕೆಯಲ್ಲಿದ್ದರೆ ಸಿಗುವುದು ಅರ್ಧ ದರ. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿದರೆ ಗೆರೆ ಬೀಳುವುದು ಅಕ್ಟೋಬರ್ 3ಕ್ಕೆ. ನಮ್ಮಲ್ಲಿ ಹೊಸ ಯಂತ್ರ ತರುವುದು ಆಯುಧಪೂಜೆಗೆ, ಇಲ್ಲವೇ ದೀಪಾವಳಿಯ ರಿಯಾಯಿತಿ ಮಾರಾಟದಲ್ಲಿ. 2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಿದ್ದಿತ್ತು. ಅಂದು ಪೂಜೆ ಮಾಡಿ ಕೆಲಸಕ್ಕೆ ಹಚ್ಚಿದ ಕಂಪ್ಯೂಟರಿಗೆ ಪೂರ್ತಿ ಶೇ. 40, ಅದೇ ತಿಂಗಳ ದೀಪಾವಳಿಗೆ ತಂದದ್ದಕ್ಕೆ ಶೇ. 20. ದೀಪಾವಳಿ ಯಾವ ವರ್ಷವೂ ಈ ಗೆರೆಯ ಈಚೆಗೆ ಬರುವುದಿಲ್ಲ. ಹಾಗೆಂದು ಗಾಬರಿ ಬೇಡ, ಕಳೆಯದೆ ಉಳಿದದ್ದು ಮುಂದಿನ ವರ್ಷಗಳಿಗೆ ಹೋಗುತ್ತದೆ, ಮುಳುಗುವುದಿಲ್ಲ. ಮೂರು ಸಾವಿರ ರಿಯಾಯಿತಿ ಸಿಗುವುದಾದರೆ ದೀಪಾವಳಿಯೇ ಲಾಭ. ಗಮನಿಸಬೇಕಾದ್ದು ಇಷ್ಟು: ಎಣಿಕೆ ಬಿಲ್ಲಿನ ದಿನದಿಂದಲ್ಲ, ಬಳಕೆಗೆ ತಂದ ದಿನದಿಂದ.

ಯಾವುದು ಕಂಪ್ಯೂಟರು ಎಂಬುದಕ್ಕೂ ವ್ಯಾಜ್ಯಗಳಾಗಿವೆ. ಪ್ರಿಂಟರ್, ಸ್ಕ್ಯಾನರ್, ಸರ್ವರ್ ಇವು ಕಂಪ್ಯೂಟರಿನ ಅಂಗಗಳೇ, ಅದೇ ದರ ಸಲ್ಲಬೇಕು ಎಂದು ದೆಹಲಿ ಹೈಕೋರ್ಟು 2010ರಲ್ಲಿ ಹೇಳಿತು. ಕಂಪ್ಯೂಟರಿನ ಜೊತೆಗೆ ಬಳಸುವ ರೌಟರಿಗೂ ಹಾಗೆಯೇ ಎಂದು ಮುಂಬೈಯ ಮೇಲ್ಮನವಿ ನ್ಯಾಯಮಂಡಳಿಯ ವಿಶೇಷ ಪೀಠ ಅದೇ ವರ್ಷ ತೀರ್ಮಾನಿಸಿತು. ಮೊಬೈಲ್ ಫೋನ್ ಕಂಪ್ಯೂಟರಲ್ಲ ಎಂದು ಕೇರಳ ಹೈಕೋರ್ಟು ಹೇಳಿದೆ. ಅಂಗೈಯಲ್ಲಿರುವ ಇವತ್ತಿನ ಫೋನು ಅಂದಿನ ಕಂಪ್ಯೂಟರಿಗಿಂತ ಬಲಶಾಲಿ ಎಂಬುದು ನಿಜ, ಆದರೂ ತೀರ್ಪು ಇರುವಷ್ಟು ದಿನ ಅದಕ್ಕೆ ಶೇ. 15 ಎಂದೇ ಇಟ್ಟುಕೊಳ್ಳುವುದು ಕ್ಷೇಮ. ವರ್ಷ ವರ್ಷ ಕಟ್ಟುವ ಸಾಫ್ಟ್‌ವೇರ್ ಚಂದಾ ಬಂಡವಾಳವೇ ಅಲ್ಲ, ಆ ವರ್ಷದ ಖರ್ಚಾಗಿ ಪೂರ್ತಿ ಕಳೆದುಬಿಡಬಹುದು. ಸೆಕೆಂಡ್‌ಹ್ಯಾಂಡ್ ಯಂತ್ರಕ್ಕೂ ಸವಕಳಿ ಸಿಗುತ್ತದೆ, ಬಿಲ್ಲಿದ್ದರೆ.

ಹಕ್ಕಿನ ಜೊತೆ ಪ್ರಾಮಾಣಿಕತೆಯ ಮಾತೂ ಬರಬೇಕು. ಮನೆಯಲ್ಲಿರುವ ಯಂತ್ರದಲ್ಲಿ ಹಗಲು ಡ್ರಾಯಿಂಗ್, ರಾತ್ರಿ ಮಕ್ಕಳ ಆಟ. ಇಂಥದ್ದಕ್ಕೆ ಕಾನೂನು ಅನುಪಾತದ ಲೆಕ್ಕವನ್ನೇ ಕೇಳುತ್ತದೆ, ಉದ್ಯೋಗಕ್ಕೆ ಬಳಸಿದಷ್ಟು ಪಾಲಿಗೆ ಮಾತ್ರ ಸವಕಳಿ. ಮುಕ್ಕಾಲು ಪಾಲು ಎಂದು ಬರೆದು ಅದಕ್ಕೆ ಕಾರಣ ಇಟ್ಟುಕೊಂಡವನಿಗೆ ಭಯವಿಲ್ಲ. ಮನೆಯ ಟಿವಿಯನ್ನೂ ಮಾನಿಟರ್ ಎಂದು ಬರೆಸುವ ಚಾಳಿ ಬೇರೆ, ಅದನ್ನು ಈ ವೇದಿಕೆಯಿಂದ ಸಮರ್ಥಿಸಲಾರೆ.

ಇನ್ನು ಗಡಿಯ ತೊಡಕುಗಳು. ಮೊದಲನೆಯದು ನಗದು. ಯಂತ್ರ ಕೊಳ್ಳಲು ಒಬ್ಬರಿಗೆ ಒಂದೇ ದಿನ ಹತ್ತು ಸಾವಿರಕ್ಕಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ, ಆ ವೆಚ್ಚವನ್ನು ಯಂತ್ರದ ಬೆಲೆ ಎಂದು ಕಾನೂನು ಗಣಿಸುವುದೇ ಇಲ್ಲ. 2017ರ ಹಣಕಾಸು ಕಾಯ್ದೆ ತಂದ ನಿಯಮವಿದು. 25,000 ನಗದು ಕೊಟ್ಟು ತಂದ ಹಳೆಯ ಲ್ಯಾಪ್‌ಟಾಪಿನ ಸವಕಳಿ ಸೊನ್ನೆ. ಅದೇ ಹಣವನ್ನು ಯುಪಿಐನಲ್ಲಿ ಕಳಿಸಿದ್ದರೆ ತಂಟೆಯಿರಲಿಲ್ಲ. ಚೌಕಾಸಿ ಮಾಡಿ ನಗದಿಗೆ ಸಾವಿರ ಇಳಿಸಿಕೊಂಡೆ ಎಂದು ಬೀಗುವವರು ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯದು ಜಿಎಸ್‌ಟಿ, ಹೆಚ್ಚು ಹೊತ್ತು ಇಲ್ಲಿ ನಿಲ್ಲಬೇಕು. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಹೊಸೂರಿನವರ ನೋಂದಣಿ ಸಂಖ್ಯೆ 33ರಿಂದ ಶುರು, ಬೆಂಗಳೂರಿನ ಅಂಗಡಿಯದು 29ರಿಂದ. ಕೌಂಟರಿನಲ್ಲೇ ಸಾಮಾನು ಕೈಗೆ ಕೊಟ್ಟರೆ ಅದು ಕರ್ನಾಟಕದೊಳಗಿನ ಮಾರಾಟವೆಂದು ಅಂಗಡಿಯವರು ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕುತ್ತಾರೆ. ಆ ತೆರಿಗೆ ತಮಿಳುನಾಡಿನ ನೋಂದಣಿಯವರಿಗೆ ತಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಆಗಿ ಸಿಗದು. ಹೊಸೂರಿನ ವಿಳಾಸಕ್ಕೆ ಕಳಿಸುವಂತೆ ಆರ್ಡರ್ ಕೊಟ್ಟು, ತಮ್ಮ 33ರ ಸಂಖ್ಯೆ ಬರೆಸಿ, ಐಜಿಎಸ್‌ಟಿ ಬಿಲ್ಲು ಪಡೆದವರಿಗೆ ಸಿಗುತ್ತದೆ. ಒಂದು ಲಕ್ಷದ ಯಂತ್ರಕ್ಕೆ ತೆರಿಗೆ 18,000. ಇನ್‌ಪುಟ್ ಸಿಕ್ಕಿದರೆ 18,000 ಪೂರ್ತಿ ವಾಪಸಾದಂತೆ. ಸಿಗದಿದ್ದರೆ ಅದನ್ನು ಬೆಲೆಗೆ ಸೇರಿಸಿ 1,18,000ದ ಮೇಲೆ ಸವಕಳಿ ಪಡೆಯಬಹುದು. ಆದರೆ ಆ ಹದಿನೆಂಟು ಸಾವಿರದಿಂದ ಮೊದಲ ವರ್ಷ ಸಿಗುವ ಹೆಚ್ಚುವರಿ ಸವಕಳಿ 7,200. ಶೇ. 20ರ ತೆರಿಗೆ ಕಟ್ಟುವವನಿಗೆ ಅದರಿಂದ ಉಳಿಯುವುದು 1,440 ರೂಪಾಯಿ. ಎರಡೂ ಕಡೆ ಲಾಭ ಪಡೆಯಲು ಹೋಗಬಾರದು, ತೆರಿಗೆಯ ಮೊತ್ತದ ಮೇಲೆ ಸವಕಳಿ ಪಡೆದರೆ ಇನ್‌ಪುಟ್ ಇಲ್ಲ ಎಂದು ಜಿಎಸ್‌ಟಿ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಹದಿನೆಂಟು ಸಾವಿರಕ್ಕೂ ಸಾವಿರದ ನಾನೂರಕ್ಕೂ ಇರುವ ಅಂತರ ಬಿಲ್ಲು ಬರೆಸುವ ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಈಗ ಕಠಿಣ ಭಾಗ. ಇಷ್ಟೆಲ್ಲ ಸವಕಳಿಯ ಲೆಕ್ಕ ನಮ್ಮವರಲ್ಲಿ ಎಷ್ಟು ಮಂದಿಗೆ ನಿಜಕ್ಕೂ ತೆರಿಗೆ ಉಳಿಸುತ್ತದೆ? ಅನೇಕರಿಗೆ ಒಂದು ರೂಪಾಯಿಯನ್ನೂ ಉಳಿಸುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಕಾರಣ ಅಂದಾಜು ಆದಾಯದ ಪದ್ಧತಿ. ಸಣ್ಣ ವ್ಯಾಪಾರಕ್ಕೆ 44ಎಡಿ ಕಲಮು. ಡಿಟಿಪಿ ಅಂಗಡಿಯವನು ವಹಿವಾಟಿನ ಶೇ. 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ. 6 ಲಾಭವೆಂದು ತೋರಿಸಿದರೆ ಸಾಕು. ವೃತ್ತಿಪರರಿಗೆ 2016ರ ಹಣಕಾಸು ಕಾಯ್ದೆ ತಂದ 44ಎಡಿಎ. ವಕೀಲರು, ವೈದ್ಯರು, ಎಂಜಿನಿಯರಿಂಗ್, ತಾಂತ್ರಿಕ ಸಲಹೆ, ಮಾಹಿತಿ ತಂತ್ರಜ್ಞಾನ ಮೊದಲಾದ ವೃತ್ತಿಯವರು ಬಂದ ಹಣದ ಅರ್ಧವನ್ನು ಆದಾಯವೆಂದು ಒಪ್ಪಿಕೊಂಡರೆ ಲೆಕ್ಕಪುಸ್ತಕ ಬೇಡ, ಆಡಿಟ್ ಬೇಡ. ಮಿತಿ 50 ಲಕ್ಷ, ನಗದು ಶೇ. 5 ಮೀರದಿದ್ದರೆ 75 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರ ಆರ್ಥಿಕ ವರ್ಷದಿಂದ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಇಲ್ಲವಾದ್ದರಿಂದ, 24 ಲಕ್ಷ ಸಂಪಾದಿಸಿದ ವೃತ್ತಿಪರನೂ ಅರ್ಧ ತೋರಿಸಿ ಸೊನ್ನೆ ತೆರಿಗೆಯಲ್ಲಿ ನಿಲ್ಲುತ್ತಾನೆ. ಅವನಿಗೆ ಸವಕಳಿಯ ಲೆಕ್ಕ ತೆರಿಗೆ ಉಳಿಸುವ ಸಾಧನವಾಗಿ ಇವತ್ತು ಬೇಕಿಲ್ಲ.

ಹಾಗಾದರೆ ಯಾರಿಗೆ ಬೇಕು? ಕಮಿಷನ್ ಮೇಲೆ ದುಡಿಯುವವರಿಗೆ ಬೇಕು. ವಿಮಾ ಏಜೆಂಟರಿಗೆ 44ಎಡಿ ಬಾಗಿಲು ಮುಚ್ಚಿದೆ, ಅವರು ನಿಜವಾದ ಖರ್ಚನ್ನೇ ತೋರಿಸಬೇಕು. ಎಲ್ಎಲ್‌ಪಿ ಮಾಡಿಕೊಂಡವರಿಗೆ ಬೇಕು. ಎಲ್ಲರಿಗಿಂತ ಹೆಚ್ಚಾಗಿ, ಯಂತ್ರಕ್ಕೂ ಜನಕ್ಕೂ ಹಣ ಸುರಿದು ದುಡಿಯುವ ವೃತ್ತಿಪರನಿಗೆ ಬೇಕು. ಒಂದು ಕಲ್ಪಿತ ಲೆಕ್ಕ ನೋಡಿ. ಕ್ಯಾಡ್ ಕೆಲಸದವನೊಬ್ಬನಿಗೆ ವರ್ಷಕ್ಕೆ 36 ಲಕ್ಷ ಬರುತ್ತದೆ. ಸಹಾಯಕರ ಸಂಬಳ 12 ಲಕ್ಷ, ಸಾಫ್ಟ್‌ವೇರ್ ಚಂದಾ 5 ಲಕ್ಷ, ಬಾಡಿಗೆ ಮತ್ತು ಕರೆಂಟು 3 ಲಕ್ಷ, ಐದು ಲಕ್ಷದ ವರ್ಕ್‌ಸ್ಟೇಷನ್ನುಗಳ ಸವಕಳಿ 2 ಲಕ್ಷ. ನಿಜವಾದ ಲಾಭ 14 ಲಕ್ಷ. ಅಂದಾಜು ಪದ್ಧತಿಯಲ್ಲಿ 18 ಲಕ್ಷ. ಹೊಸ ಪದ್ಧತಿಯ ದರದಲ್ಲಿ ಮೊದಲನೆಯದಕ್ಕೆ ತೆರಿಗೆ 90,000, ಎರಡನೆಯದಕ್ಕೆ 1,60,000. ಸೆಸ್ ಸೇರಿಸಿದರೆ ವ್ಯತ್ಯಾಸ 72,800 ರೂಪಾಯಿ. ನಿಜವಾದ ಲಾಭವನ್ನೇ ತೋರಿಸುತ್ತೇನೆ ಎಂದರೆ ಲೆಕ್ಕಪುಸ್ತಕ ಇಡಬೇಕು, ಆಡಿಟ್ ಮಾಡಿಸಬೇಕು. ಅದರ ಫೀಸು ಕೊಟ್ಟರೂ ಇಂಥವನಿಗೆ ಲಾಭವೇ. ಆದರೂ ಅನೇಕರು ರಗಳೆ ಬೇಡವೆಂದು ಅರ್ಧ ತೋರಿಸಿ ಕಟ್ಟಿಬಿಡುತ್ತಾರೆ.

ಗಿರಾಕಿ ಕಡಿಯುವ ಟಿಡಿಎಸ್ ಕೂಡ ಇಲ್ಲಿ ಮಾತಾಡುತ್ತದೆ. ಬೆಂಗಳೂರಿನ ಕಂಪನಿ ವೃತ್ತಿಪರ ಶುಲ್ಕವೆಂದು ಶೇ. 10 ಕಡಿದಿದ್ದರೆ, ಅದೇ ಹಣವನ್ನು ವ್ಯಾಪಾರವೆಂದು ಬರೆದು ಶೇ. 6 ಲಾಭ ತೋರಿಸುವುದು ಇಲಾಖೆಯ ಗಣಕಕ್ಕೆ ತಕ್ಷಣ ಕಾಣುತ್ತದೆ.

ಕೇಳದಿದ್ದವನಿಗೂ ಸವಕಳಿ ಕಳೆಯುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಸವಕಳಿ ಕೇಳುವುದು ಬಿಡುವುದು ತೆರಿಗೆದಾರನ ಇಷ್ಟ ಎಂದು ಸುಪ್ರೀಂ ಕೋರ್ಟು 2000ದಲ್ಲಿ ಮಹೇಂದ್ರ ಮಿಲ್ಸ್ ಪ್ರಕರಣದಲ್ಲಿ ಹೇಳಿತ್ತು. ಸಂಸತ್ತು ಮರುವರ್ಷವೇ ವಿವರಣೆಯೊಂದನ್ನು ಸೇರಿಸಿ ಆ ಆಯ್ಕೆಯನ್ನು ತೆಗೆದುಹಾಕಿತು. ಅಂದಾಜು ಪದ್ಧತಿಯಲ್ಲಿ ಇದ್ದ ವರ್ಷಗಳಲ್ಲೂ ಸವಕಳಿ ಕೊಟ್ಟಾಯಿತು ಎಂದೇ ಭಾವಿಸಲಾಗುತ್ತದೆ. ಮೂರು ವರ್ಷ ಅರ್ಧ ತೋರಿಸಿ, ನಾಲ್ಕನೆಯ ವರ್ಷ ಲೆಕ್ಕಪುಸ್ತಕಕ್ಕೆ ಹೊರಳಿದವನು ತನ್ನ 60,000ದ ಯಂತ್ರವನ್ನು 60,000 ಎಂದು ಬರೆಯುವಂತಿಲ್ಲ, 12,960 ಎಂದೇ ಬರೆಯಬೇಕು.

ಇಲ್ಲಿ ನನ್ನ ಆಕ್ಷೇಪವನ್ನು ದಾಖಲಿಸುತ್ತೇನೆ. ಒಂದು ಮೇಜು, ನಾಲ್ಕು ಪುಸ್ತಕದಲ್ಲಿ ನಡೆಯುವ ವೃತ್ತಿಗೂ ಲಕ್ಷಗಟ್ಟಲೆ ಯಂತ್ರದಲ್ಲಿ ನಡೆಯುವ ವೃತ್ತಿಗೂ ಒಂದೇ ಅರ್ಧದ ಅಳತೆ ಸರಿಯಲ್ಲ. ಹಳೆಯ ಮದರಾಸು ಸೆಟ್ಲ್‌ಮೆಂಟು ನೆಲದ ಗುಣ ನೋಡಿ ದರ ಬೇರೆ ಮಾಡಿತ್ತು. ಅಂದಾಜು ಆದಾಯದ ಮೇಲೆ ಸವಕಳಿಯನ್ನು ಮಾತ್ರ ಪ್ರತ್ಯೇಕವಾಗಿ ಕಳೆಯಲು ಬಿಟ್ಟರೆ ಸರಳತೆ ಕೆಡುತ್ತದೆ ಎಂಬ ಉತ್ತರ ಬರಬಹುದು. 2016ಕ್ಕೆ ಮೊದಲು 44ಎಡಿಯಲ್ಲಿ ಪಾಲುದಾರರ ಸಂಬಳ, ಬಡ್ಡಿಯನ್ನು ಹಾಗೆ ಪ್ರತ್ಯೇಕವಾಗಿ ಕಳೆಯಲು ಬಿಟ್ಟಿದ್ದರು, ಆಕಾಶವೇನೂ ಕಳಚಿ ಬಿದ್ದಿರಲಿಲ್ಲ. ಬ್ಯಾಂಕಿನ ಮೂಲಕ ಕೊಂಡ, ಜಿಎಸ್‌ಟಿ ಬಿಲ್ಲಿರುವ ಯಂತ್ರದ ವಿವರ ಸರ್ಕಾರದ ಕೈಯಲ್ಲಿ ಮೊದಲೇ ಇರುತ್ತದೆ. ಸುಳ್ಳು ಹೇಳಲು ಇಷ್ಟು ಕಡಿಮೆ ಜಾಗವಿರುವ ಖರ್ಚು ಇನ್ನೊಂದಿಲ್ಲ.

ಕೊನೆಯದಾಗಿ ದಾಖಲೆ. ವಿಚಾರಣೆ ಈಗ ಬಹುಪಾಲು ಮುಖಾಮುಖಿಯಿಲ್ಲದೆ, ಆನ್‌ಲೈನಿನಲ್ಲೇ ನಡೆಯುತ್ತದೆ. ಕಚೇರಿಗೆ ಹೋಗಿ ಸಾಹೇಬರಿಗೆ ಬಾಯಲ್ಲಿ ಹೇಳಿ ಬರುವ ಕಾಲ ಹೋಯಿತು, ಬಿಲ್ಲು ಮತ್ತು ಬ್ಯಾಂಕ್ ಸ್ಟೇಟ್‌ಮೆಂಟೇ ಮಾತಾಡಬೇಕು. ಯಂತ್ರ ಮಾರಿದಾಗಲೂ ದಾಖಲೆ ಬೇಕು. ಬಂದ ಹಣವನ್ನು ಉಳಿದ ಬೆಲೆಯಿಂದ ಕಳೆಯಬೇಕು. ಆ ದರದ ಗುಂಪಿನಲ್ಲಿ ಬೇರೆ ಯಂತ್ರವೇ ಇಲ್ಲದೆ, ಕೊನೆಯದೂ ಮಾರಾಟವಾದರೆ, ಉಳಿದ ಬೆಲೆ ಅಲ್ಪಾವಧಿ ಬಂಡವಾಳ ನಷ್ಟವಾಗುತ್ತದೆ.

ಹೊಸೂರು, ಕೃಷ್ಣಗಿರಿಯ ಆಡಿಟರ್ ಬಂಧುಗಳಲ್ಲಿ ಒಂದು ವಿನಂತಿ ಮಾಡಿ ವಿರಮಿಸುತ್ತೇನೆ. ರಿಟರ್ನ್ ಹಾಕಿದ ಮೇಲೆ ಗಿರಾಕಿಯ ಕೈಗೆ ಹೋಗುವುದು ಸಾಮಾನ್ಯವಾಗಿ ಒಂದು ಹಾಳೆಯ ಸ್ವೀಕೃತಿ. ಅದರಲ್ಲಿ ಸವಕಳಿಯ ತಖ್ತೆ ಇರುವುದಿಲ್ಲ. ಅವನು ಮುಂದಿನ ವರ್ಷ ಬೇರೆ ಆಡಿಟರರ ಬಳಿ ಹೋದರೆ ಯಂತ್ರದ ಉಳಿದ ಬೆಲೆ ಎಷ್ಟೆಂದು ಯಾರಿಗೂ ಗೊತ್ತಿರುವುದಿಲ್ಲ, ಲೆಕ್ಕ ಅಲ್ಲಿಗೇ ಕಡಿದುಹೋಗುತ್ತದೆ. ದಯವಿಟ್ಟು ಪ್ರತಿ ವರ್ಷ ಆ ತಖ್ತೆಯ ಪ್ರತಿಯನ್ನೂ ಕೊಡಿ. ಗಿರಾಕಿ ಕನ್ನಡದವನಾದರೆ, ಯಾವ ಯಂತ್ರ, ಕೊಂಡ ಬೆಲೆ, ಉಳಿದ ಬೆಲೆ ಎಂಬ ಮೂರು ಕಾಲಮುಗಳನ್ನು ಕನ್ನಡದಲ್ಲಿ ಬರೆದು ಕೊಡಿ.